ಹದಿನಾಲ್ಕು ಬಾರಿ ‘ಪರವಾಗಿಲ್ಲ’ ಎಂದ ತಪ್ಪಿಗೆ

ಇಂಟರ್ನೆಟ್ ಸಂಸ್ಥೆಯ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ಇಂಟರ್ನೆಟ್ ಮತ್ತೆ ಕೈಕೊಟ್ಟರೆ ನನ್ನ ಗಂಡ ವಾಸಿಲ್‌ನ ಮಾತಿನ ಚಿಕಿತ್ಸೆ ಅಲ್ಲಿಗೆ ಮುಗಿಯುತ್ತದೆ. ಜೂನ್‌ನಲ್ಲಿ ಅವನಿಗೆ ಲಕ್ವ ಹೊಡೆದು ಮಾತು ಹೋಯಿತು. ನಗರದ ಆಸ್ಪತ್ರೆಯವರು ಪರದೆಯ ಮೇಲೆಯೇ ವಾರಕ್ಕೊಂದು ಪಾಠ ಹೇಳಿಕೊಡುತ್ತಾರೆ. ಕಳೆದ ಮಂಗಳವಾರದ್ದೂ ಸೇರಿ ಎರಡು ಪಾಠ ನಿಮ್ಮ ದಯೆಯಿಂದ ಈಗಾಗಲೇ ತಪ್ಪಿವೆ. ಮೂರು ತಪ್ಪಿದವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಸೇರಲು ಎಂಟು ತಿಂಗಳು ಕಾಯಬೇಕು. ಮಾತು ಮರಳುವುದಿದ್ದರೆ ಮೊದಲ ವರ್ಷದಲ್ಲೇ ಹೆಚ್ಚು ಮರಳುತ್ತದೆಂದು ಡಾಕ್ಟರು ಹೇಳಿದ್ದಾರೆ. ಅದರಲ್ಲಿ ಏಳು ತಿಂಗಳು ಕಳೆದಿವೆ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟೆ. ನಿಮ್ಮ ಕಚೇರಿಯಲ್ಲಿ ಯಾರೂ ಎರಡನೆಯ ಪ್ಯಾರಾದವರೆಗೆ ಬರುವುದಿಲ್ಲವೆಂಬ ಗುಮಾನಿ ನನಗಿದೆ.

ದೂರು ಕೊಡಲಿಲ್ಲವೇ ಎನ್ನುತ್ತೀರಾ? ನವೆಂಬರಿನ ಮೊದಲ ಚಳಿಯಿಂದ ಇಲ್ಲಿಯವರೆಗೆ ಹದಿನಾಲ್ಕು ಸಲ ಕೊಟ್ಟಿದ್ದೇನೆ. ಹದಿನಾಲ್ಕೂ ‘ಬಗೆಹರಿದಿದೆ’ ಎಂದು ನಿಮ್ಮ ಕಡತ ಹೇಳುತ್ತದೆ. ಒಂದೇ ತೊಂದರೆ ಹದಿನಾಲ್ಕು ಸಲ ಬಗೆಹರಿಯುವ ವಿದ್ಯೆಯನ್ನು ನಿಮ್ಮವರು ಎಲ್ಲಿ ಕಲಿತರು? ನಾನು ಫೋನ್ ಮಾಡುತ್ತೇನೆ. ಅತ್ತ ಕಡೆಯ ಹುಡುಗಿ ಬಹಳ ವಿನಯದಿಂದ, “ಮೇಡಂ, ರೂಟರ್ ವೈರ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಹಾಕಿ,” ಎನ್ನುತ್ತಾಳೆ. ಎಣಿಸುತ್ತೇನೆ. ಕಿತ್ತಳೆ ದೀಪ ಹಸಿರಾಗುತ್ತದೆ. “ಈಗ ಹೇಗಿದೆ ಮೇಡಂ?” ಎಂದು ಕೇಳುತ್ತಾಳೆ. “ಪರವಾಗಿಲ್ಲಮ್ಮ, ಸುಮ್ನೆ ನಿಂಗೆ ತೊಂದ್ರೆ ಕೊಟ್ಟೆ,” ಎನ್ನುತ್ತೇನೆ. ಅರ್ಧ ಗಂಟೆಗೆ ದೀಪ ಮತ್ತೆ ಕಿತ್ತಳೆಯಾಗುತ್ತದೆ. ಅಷ್ಟರಲ್ಲಿ ನಿಮ್ಮ ಕಡತ ಮುಚ್ಚಿರುತ್ತದೆ.

ತಪ್ಪು ಆ ‘ಪರವಾಗಿಲ್ಲ’ದಲ್ಲಿದೆ ಎಂದು ಈಗ ತಿಳಿಯಿತು. ಸಸ್ಕ್ಯಾಚುವಾನ್ ಪ್ರಾಂತ್ಯದ ಈ ಬಯಲಿನಲ್ಲಿ ಆ ಮಾತಿನ ಅರ್ಥವೇನೆಂದು ನೀವು ಯಾರನ್ನಾದರೂ ಕೇಳಿದ್ದೀರಾ? ಇಲ್ಲಿ ಗಾಳಿಗೆ ಕೊಟ್ಟಿಗೆಯ ಚಾವಣಿ ಹಾರಿಹೋದವನೂ ‘ಪರವಾಗಿಲ್ಲ’ ಎನ್ನುತ್ತಾನೆ. ಹೊಟ್ಟೆ ಕೊಯ್ಸಿಕೊಂಡು ಮೂರನೆಯ ದಿನ ಮಲಗಿರುವವಳೂ ಹಾಗೇ ಎನ್ನುತ್ತಾಳೆ. ನಾನು ಮೂವತ್ತೆರಡು ವರ್ಷ ಈ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಯಾರಾದರೂ ಬಂದು, “ಔಷಧಿ ಪೊಟ್ಟಣ ಬಂದಿಲ್ವಾ? ಪರವಾಗಿಲ್ಲ ಬಿಡಿ,” ಎಂದರೆ ಚೀಲವನ್ನೆಲ್ಲ ನೆಲಕ್ಕೆ ಸುರಿದು ಇನ್ನೊಂದು ಸಲ ಹುಡುಕುತ್ತಿದ್ದೆ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಿಮ್ಮವರಿಗೆ ನಮ್ಮ ಮುಖ ಕಾಣುವುದಿಲ್ಲ, ಒಪ್ಪಿದೆ. ಆದರೆ ಒಂದೇ ಮನೆಯಿಂದ ಹದಿನಾಲ್ಕು ಕರೆ ಬಂದದ್ದಾದರೂ ಕಾಣಬೇಡವೇ?

ನಿಮ್ಮವರೊಬ್ಬರು ಬಂದಿದ್ದರು, ಸುಳ್ಳು ಹೇಳಲಾರೆ. ಗಾರ್ತ್ ಎಂದು ಹೆಸರು, ಒಳ್ಳೆಯ ಮನುಷ್ಯ. ಆದರೆ ಅವರನ್ನು ಕಳಿಸಿದ್ದು ಜನವರಿಯಲ್ಲಿ ಚಳಿ ಸ್ವಲ್ಪ ಸಡಿಲಿಸಿದ್ದ ಒಂದೇ ಒಂದು ದಿನ, ಮೈನಸ್ ನಾಲ್ಕು ಡಿಗ್ರಿಯಲ್ಲಿ. ಆ ದಿನ ದೀಪ ಪಚ್ಚೆಕಲ್ಲಿನಂತೆ ಹೊಳೆಯುತ್ತಿತ್ತು. ಗಾರ್ತ್ ಹೊರಗೋಡೆಯ ಬೂದು ಡಬ್ಬಿಯ ಮುಚ್ಚಳ ತೆಗೆದು ನೋಡಿ ತಲೆಯಾಡಿಸಿದರು.

“ರೂಟರ್‌ದೇನೂ ತಪ್ಪಿಲ್ಲ ಓರಿಸ್ಯಾಮ್ಮ. ಇಲ್ಲಿ ತಂತಿ ಜಾಯಿಂಟ್ ಸವೆದಿದೆ. ಮೈನಸ್ ಮೂವತ್ತಾದ್ರೆ ಸೆಟೆದುಕೊಂಡು ಬಿಟ್ಕೊಳ್ಳತ್ತೆ.”

“ಹಾಗಾದ್ರೆ ಬದಲಾಯಿಸಿ ಮಾರಾಯ್ರೇ.”

“ನನ್ನ ಚೀಟಿಲಿ ‘ರೂಟರ್ ಪರೀಕ್ಷೆ’ ಅಂತ ಮಾತ್ರ ಇದೆ. ಹೊರಗಿನ ಡಬ್ಬಿ ಮುಟ್ಬೇಕಂದ್ರೆ ಬಗೆಹರಿಯದ ದೂರು ಇರ್ಬೇಕು. ನಿಮ್ದು ಎಲ್ಲಾ ಬಗೆಹರಿದಿದೆಯಲ್ಲ.”

“ಈಗಷ್ಟೇ ನನ್ನ ಕೈಯ ಎಂಟು ಪೆರೋಗಿ ಕಡುಬು ತಿಂದ್ರಲ್ಲ, ಅದಕ್ಕೆ ಚೀಟಿ ಬೇಕಾಗ್ಲಿಲ್ವಾ?”

ಪಾಪ, ಅವರ ಮುಖ ಕೆಂಪಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುಣವಾಗಿದೆ ಎಂದು ಬರೆದಿರುವುದರಿಂದ ರೋಗಕ್ಕೆ ಮದ್ದು ಕೊಡುವ ಹಾಗಿಲ್ಲ ಎಂಬ ನಿಯಮವನ್ನು ಬರೆದವರ ಮೇಲೆ ಸಿಟ್ಟಿದೆ. ಅದು ನೀವೇ ಎಂದು ಕೇಳಿದ್ದೇನೆ.

ಈಗ ಕಳೆದ ಮಂಗಳವಾರದ ಮಾತಿಗೆ ಬರುತ್ತೇನೆ. ಹೊರಗೆ ಮೈನಸ್ ಮೂವತ್ತೊಂದು. ಪಾಠ ಹೇಳುವ ಮರಿಸೆಲ್ ಎಂಬ ಹುಡುಗಿ ಪರದೆಯ ಮೇಲೆ ನಗುತ್ತಾ ಕೂತಿದ್ದಳು. ವಾಸಿಲ್‌ಗೆ ಆಗ ಒಂದರಿಂದ ಮೂವತ್ತರವರೆಗೆ ಎಣಿಸಲು ಬರುತ್ತಿತ್ತು, ಬೇರೆ ಮಾತಿಲ್ಲ. ಬಾಯಿಪಾಠವಾದದ್ದು ಕೆಲವೊಮ್ಮೆ ಉಳಿದುಕೊಳ್ಳುತ್ತದಂತೆ. ರೂಟರಿನ ಮುಂದೆ ನನ್ನ ಜೊತೆ ನಿಂತು ಎಣಿಸುವುದೇ ಅವನ ದಿನದ ಸಂಭಾಷಣೆಯಾಗಿತ್ತು. ನಿಮ್ಮ ಸಂಸ್ಥೆಯಿಂದ ನಮಗಾದ ಉಪಕಾರವೆಂದು ಇದನ್ನು ಬೇಕಾದರೆ ಜಾಹೀರಾತಿನಲ್ಲಿ ಹಾಕಿಕೊಳ್ಳಿ.

“ಇವತ್ತು ಅಂಕಿ ಬೇಡ ವಾಸಿಲ್ ತಾತ,” ಎಂದಳು ಮರಿಸೆಲ್. “ಇವತ್ತು ಅಜ್ಜಿ ಹೆಸರು. ನನ್ನ ಬಾಯಿ ನೋಡಿ. ದುಂಡಗೆ ಮಾಡಿ. ಓ...”

ಅವನು ಬಾಯಿ ದುಂಡಗೆ ಮಾಡಿದ. ಗಂಟಲಿನಿಂದ ಸ್ವರ ಬಂತು, ಮಾನ್ಯರೇ. ‘ಓ’ ಎಂದ. ಏಳು ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ ಬಂದ ಸ್ವರ ಅದು. ಆಗಲೇ ಮರಿಸೆಲ್‌ಳ ಚಿತ್ರ ಹಾಗೆಯೇ ನಿಂತುಬಿಟ್ಟಿತು, ಅವಳ ಬಾಯಿಯೂ ‘ಓ’ದಲ್ಲೇ ನಿಂತಿತು. ನಾನು ರೂಟರಿನ ಕಡೆ ಓಡಿದೆ, ವೈರ್ ಕಿತ್ತೆ, ಎಣಿಸಿದೆ. ನಾಲ್ಕು ಸಲ ಹಾಗೆ ಮಾಡಿದರೂ ದೀಪ ಹಸಿರಾಗಲಿಲ್ಲ. ತಿರುಗಿ ಬಂದಾಗ ವಾಸಿಲ್ ಇನ್ನೂ ಬಾಯಿ ದುಂಡಗೆ ಮಾಡಿಕೊಂಡು ಪರದೆಯನ್ನೇ ನೋಡುತ್ತಿದ್ದ. ಮುಂದಿನ ಅಕ್ಷರವನ್ನು ಅವಳು ತೋರಿಸಲಿ ಎಂದು ಕಾಯುತ್ತಿದ್ದ. ನಾನೇ ಪಕ್ಕದಲ್ಲಿ ಕೂತು ತೋರಿಸಿದೆ, ಆದರೆ ನನಗೆ ಆ ವಿದ್ಯೆ ಬರುವುದಿಲ್ಲ. ಅವನು ಬಾಯಿ ಮುಚ್ಚಿದ. ಆಮೇಲೆ ಅತ್ತ. ಅಂದಿನಿಂದ ಮೂವತ್ತನ್ನೂ ಎಣಿಸುತ್ತಿಲ್ಲ.

ನನಗೆ ಭಯವಾಗಿದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನನ್ನ ಹದಿನಾಲ್ಕು ದೂರುಗಳಲ್ಲಿ ಒಂದನ್ನಾದರೂ ತೆರೆಯಿರಿ. ಆ ಜಾಯಿಂಟ್ ಬದಲಿಸಲು ಅಪ್ಪಣೆಯಿರುವ ಚೀಟಿಯೊಂದಿಗೆ ಸೋಮವಾರ ಸಂಜೆಯೊಳಗೆ ಗಾರ್ತ್‌ರನ್ನು ಕಳಿಸಿ. ಅಷ್ಟೂ ಆಗದಿದ್ದರೆ, ತಪ್ಪಿದ ಪಾಠಗಳ ಹೊಣೆ ನಮ್ಮದಲ್ಲ, ನಿಮ್ಮ ತಂತಿಯದು ಎಂದು ಆಸ್ಪತ್ರೆಗೆ ಒಂದು ಸಾಲು ಬರೆದು ನಿಮ್ಮ ಸಹಿ ಹಾಕಿ. ಮಂಗಳವಾರ ಮೈನಸ್ ಮೂವತ್ತನಾಲ್ಕು ಎಂದು ರೇಡಿಯೋ ಹೇಳಿದೆ. ಸುಮ್ಮನೆ ಇನ್ನೂರೈವತ್ತು ಕಿಲೋಮೀಟರ್ ಹಿಮದ ರಸ್ತೆಯಲ್ಲಿ ಅವನನ್ನು ನಗರಕ್ಕೆ ಕರೆದೊಯ್ಯಿರಿ ಎಂದು ಸಲಹೆ ಕೊಡಬೇಡಿ. ನನಗೆ ಎಪ್ಪತ್ತಾರು ವರ್ಷ.

ಇಂತಿ,
ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಗಂಡನ ಬಾಯಿಂದ ವಾಪಸು ಪಡೆದಿರುವ,
ಓರಿಸ್ಯಾ