ಪರದೆಯಲ್ಲಿ ಕಾಣದ ಮೂಲೆ

ಬುಧವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

'ಕಾಣದೇ ಇರೋದನ್ನ ನಾನು ನಂಬಲ್ಲ' ಅಂದಿದ್ದೆಯೋ, 'ಕಾಣ್ತಿಲ್ಲ ಅಂದ್ರೆ ಅಲ್ಲೇನೋ ಇದೆ' ಅಂದಿದ್ದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಫೋನಿನಲ್ಲಿ ನಿನ್ನ ಮಾತು ಯಾವಾಗಲೂ ಅರ್ಧ ನನಗೆ, ಅರ್ಧ ಪಕ್ಕದ ಮೇಜಿನವರಿಗೆ. ಅಂತೂ ನೀನು, ಶಿಶುವಿಹಾರಕ್ಕೆ ಒಮ್ಮೆ ಹೋಗಿ ನೋಡಿ, ಮಗು ಅಲ್ಲಿ ಕ್ಷೇಮವೋ ಅಲ್ಲವೋ ಬರೆದು ತಿಳಿಸು ಎಂದೆ. ಮಾತಾಡಿದರೆ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಬರೆ ಎಂದೆ. ಬೇರೆ ಮನೆ ಮಾಡಿದ ಮೇಲೆ ನಾವಿಬ್ಬರೂ ಒಪ್ಪಿಕೊಂಡಿರುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು.

ಹೋಗಿದ್ದೆ. ನೀನು ಕೇಳಬಹುದಾದದ್ದನ್ನು ಮೊದಲು ಮುಗಿಸುತ್ತೇನೆ. ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕುವುದಿಲ್ಲ. ಪ್ಲಗ್ಗಿನ ತೂತುಗಳಿಗೆ ಮುಚ್ಚಳವಿದೆ, ಮೇಜಿನ ಅಂಚುಗಳಿಗೆ ರಬ್ಬರು. ಬಚ್ಚಲಿನ ನೆಲ ಒಣಗಿತ್ತು. ಹಾಸಿಗೆಗಳ ನಡುವೆ ಒಬ್ಬರು ನಡೆದು ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಬೆಂಕಿ ಬಿದ್ದರೆ ಓಡುವ ದಾರಿಗೆ ಹಸಿರು ಬಾಣ. ವಿಮಾ ಕಚೇರಿಯಲ್ಲಿ ಕೂತು ಹಾನಿ ಅಂದಾಜು ಮಾಡುವ ನಿನ್ನ ಕಣ್ಣಿಗೂ ಅಲ್ಲಿ ಹುಳುಕು ಸಿಗುತ್ತಿರಲಿಲ್ಲ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಒಂದು ಮಗು ಅಳುತ್ತಿತ್ತು. ಅದರ ಮುಂದೆ ಗೊಂಬೆ ಇಟ್ಟು ಹೋದರು. ಅದು ಗೊಂಬೆಯನ್ನೇ ನೋಡಿಕೊಂಡು ಅಳುತ್ತಲೇ ಇತ್ತು.

ಎತ್ತಿಕೊಳ್ಳಬಾರದೇ ಎಂದು ಕೇಳಿದೆ. ಅಲ್ಲಿ ಕೆಲಸಕ್ಕಿರುವ ಚಿಕ್ಕ ವಯಸ್ಸಿನ ಆಯಾ ಮೊದಲು ಗೋಡೆಯ ಮೇಲಿನ ಕ್ಯಾಮೆರಾ ನೋಡಿದಳು, ಆಮೇಲೆ ನನ್ನನ್ನು. ಎತ್ತಿಕೊಳ್ಳುವಂತಿಲ್ಲವಂತೆ. ಒಂದು ಮಗುವನ್ನು ಎತ್ತಿಕೊಂಡರೆ, ಫೋನಿನ ಪರದೆಯಲ್ಲಿ ನೋಡುತ್ತಿರುವ ಉಳಿದ ಅಪ್ಪ ಅಮ್ಮಂದಿರು ಕರೆ ಮಾಡಿ, ನಮ್ಮದನ್ನು ಯಾಕೆ ಎತ್ತಿಕೊಂಡಿಲ್ಲ ಎನ್ನುತ್ತಾರೆ. ಹಾಗಾಗಿ ಯಾರನ್ನೂ ಎತ್ತಿಕೊಳ್ಳಬಾರದೆಂದು ನಿಯಮ ಮಾಡಿದ್ದಾರೆ. ಎಲ್ಲರಿಗೂ ಸಮಾಧಾನ, ಮಕ್ಕಳನ್ನು ಬಿಟ್ಟು.

ಈಗ ನಿನ್ನ ದೂರಿನ ವಿಷಯ. ಆ ವಯಸ್ಸಾದ ಆಯಾ ಪುಟ್ಟಿಯನ್ನು ದಿನವೂ ಕ್ಯಾಮೆರಾದಿಂದ ಮರೆಗೆ ಕರೆದೊಯ್ಯುತ್ತಾಳೆ, ಎಷ್ಟೋ ಹೊತ್ತು ಇಬ್ಬರೂ ಕಾಣುವುದಿಲ್ಲ ಎಂದು ನೀನು ಬರೆದುಕೊಟ್ಟೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವರೂ ಅವಳನ್ನು ಒಂದು ಮಾತು ಕೇಳದೆ ಕೆಲಸದಿಂದ ತೆಗೆದರು. ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದವು. ನೀನು ದೂರಿನಲ್ಲಿ ಅವಳ ಕೆಂಪು ಸೀರೆಯ ಗುರುತು ಮಾತ್ರ ಬರೆದಿದ್ದೀಯಂತೆ.

ಅವಳು ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಕ್ಯಾಮೆರಾಕ್ಕೆ ತನ್ನ ನೇರ ಕೆಳಗಿನ ಜಾಗ ಕಾಣುವುದಿಲ್ಲ. ಅಲ್ಲಿ ಕಪಾಟಿನ ಪಕ್ಕ ಒಬ್ಬರು ಕಾಲು ಮಡಚಿ ಕೂರುವಷ್ಟು ಮೂಲೆಯಿದೆ. ತಲೆ ಒರಗಿ ಒರಗಿ ಗೋಡೆಯ ಬಣ್ಣ ಮಾಸಿದೆ.

"ಅಳೋ ಮಗೂನ ಅಲ್ಲಿ ಮಡಿಲಲ್ಲಿ ಹಾಕ್ಕೊಂಡು ಕೂತ್ಕೊಳ್ಳೋರು" ಎಂದಳು ಚಿಕ್ಕವಳು. "ಅಳು ನಿಂತ ಮೇಲೆ ಮುಖ ಒರೆಸಿ ಕ್ಯಾಮೆರಾ ಮುಂದೆ ಬಿಡೋರು. ನಾವು ತಮಾಷೆಗೆ ಅದನ್ನ ದೊಡ್ಡಮ್ಮನ ಮನೆ ಅಂತಿದ್ವಿ. ನಿಮ್ಮ ಪುಟ್ಟಿದೇ ಅಲ್ಲಿಗೆ ಜಾಸ್ತಿ ಓಡಾಟ. ಅವರಪ್ಪನ ಮನೆಯಿಂದ ನಿಮ್ಮನೆಗೆ, ನಿಮ್ಮನೆಯಿಂದ ಅವರ ಮನೆಗೆ ಬದಲಾಯಿಸ್ತೀರಲ್ಲ, ಆ ದಿನ ಅಂತೂ ಮಡಿಲಿಂದ ಇಳೀತಾನೇ ಇರಲಿಲ್ಲ."

ನಾನೂ ಹೋಗಿ ಆ ಮೂಲೆಯಲ್ಲಿ ಕೂತೆ. ಆ ಹೊತ್ತಿಗೆ ನೀನು ನೋಡುತ್ತಿದ್ದರೆ ನಾನೂ ಮಾಯವಾಗಿರಬೇಕು. ನಿನಗೆ ಅದೇನು ಹೊಸತಲ್ಲ ಬಿಡು. ಅಲ್ಲಿಂದ ಕೋಣೆ ಬೇರೆಯೇ ಕಾಣುತ್ತದೆ. ಪರದೆಯಲ್ಲಿ ಕಾಣುವ ಹಾಗೆ ಮಕ್ಕಳ ನೆತ್ತಿಯಲ್ಲ, ಮುಖ ಕಾಣುತ್ತದೆ.

ಶಿಶುವಿಹಾರದ ಮೇಲ್ವಿಚಾರಕಿಯ ಹತ್ತಿರ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು. "ದೂರು ವಾಪಸ್ ತಗೊಂಡ್ರೆ ಕರೆಸ್ತೀನಿ. ಆದ್ರೆ ಇಬ್ರೂ ಸಹಿ ಹಾಕ್ಬೇಕು. ಒಬ್ರು ಹಾಕಿದ್ರೆ ಇನ್ನೊಬ್ರು ಬಂದು ನನ್ನ ಮೇಲೆ ಹಾರಾಡ್ತೀರ. ನಿಮ್ಮಂಥವರನ್ನ ಬೇಕಾದಷ್ಟು ನೋಡಿದೀನಿ" ಎಂದರು. ಶನಿವಾರದವರೆಗೆ ಕಾಯುತ್ತಾರೆ. ಆಮೇಲೆ ಬೇರೆಯವಳು ಬರುತ್ತಾಳೆ, ನಿಯಮ ಗೊತ್ತಿರುವವಳು.

ನೀನು ಕೇಳಿದ ವರದಿ ಇಷ್ಟೇ. ಕಟ್ಟಡ ಕ್ಷೇಮವಾಗಿದೆ. ಮಗುವಿಗೆ ಕ್ಷೇಮವಾಗಿದ್ದ ಒಂದು ಮಡಿಲನ್ನು ನೀನು ಕಚೇರಿಯ ಕುರ್ಚಿಯಲ್ಲಿ ಕೂತೇ ತೆಗೆಸಿಹಾಕಿದೆ. ಅದನ್ನು ಕಾಳಜಿ ಎಂದುಕೊಂಡೇ ಮಾಡಿದೆ ಎಂಬುದೂ ನನಗೆ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು. ದೂರು ವಾಪಸ್ ಪಡೆಯುವ ಕಾಗದವನ್ನು ಇದರ ಜೊತೆಗಿಟ್ಟಿದ್ದೇನೆ. ಈ ಒಂದು ಸಲ ನಾನು ಹೇಳಿದ್ದನ್ನು ಅಳೆದು ತೂಗಬೇಡ.

ಬೇರೇನೂ ಬರೆಯಲಾರದ,
ಪುಟ್ಟಿಯ ಅಮ್ಮ

ತಾ. ಕ.: ಆ ಕಾಗದದಲ್ಲಿ ನನ್ನ ಸಹಿಯ ಜಾಗವೂ ಖಾಲಿ ಇರುವುದು ನಿನ್ನ ಕಣ್ಣಿಗೆ ಬೀಳದೆ ಇರದು. ನಿನ್ನೆ ಸ್ನಾನ ಮಾಡಿಸುವಾಗ ಪುಟ್ಟಿಯ ಕಣ್ಣಿಗೆ ಸೋಪು ಹೋಯಿತು. ನಾನು ಎದುರಿಗೇ ಇದ್ದೆ, ಅವಳ ಎರಡೂ ಕೈ ನನ್ನ ಕೈಯಲ್ಲಿದ್ದವು. ಅವಳು ಕೂಗಿ ಕರೆದದ್ದು ದೊಡ್ಡಮ್ಮನನ್ನು. ಬೆಳಿಗ್ಗೆಯಿಂದ ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ. ನೀನು ಮೊದಲು ಸಹಿ ಹಾಕಿ ಕಳಿಸುತ್ತೀಯಾ?