ಅಂಡಮಾನಿನಲ್ಲಿ ವರಪರೀಕ್ಷೆ

ಪೋರ್ಟ್ ಬ್ಲೇರ್, ಅಂಡಮಾನ್
೧೧ ಮಾರ್ಚ್ ೨೦೧೬

ಮುದ್ದು ಲಿಲ್ಲೀ,

ಹೇಗಿದ್ದೀ? ಆಸ್ಪತ್ರೆಯ ವಾರ್ಡಿನ ಕೆಲಸವೆಂದು ಊಟ ತಪ್ಪಿಸಬೇಡ. ಬೀದರದ ನಿಮ್ಮ ಹಾಸ್ಟೆಲ್ಲಿಗೆ ನೀರಿನ ಟ್ಯಾಂಕರ್ ಸರಿಯಾಗಿ ಬರುತ್ತಿದೆಯೆ? ನನ್ನ ಮೊಣಕಾಲು ಇಲ್ಲಿ ನೋವನ್ನೇ ಮರೆತಿದೆ. ಗಾಳಿ ಎದ್ದರೆ ಫೋನು ಸತ್ತುಹೋಗುತ್ತದೆ, ಗಾಳಿಯೋ ಮಲಗುವುದೇ ಇಲ್ಲ. ಅದಕ್ಕೇ ಈ ಕಾಗದ.

ಚರ್ಚಿನವರ ಪ್ರವಾಸದ ನೆಪದಲ್ಲಿ ನಿನ್ನ ಅಪ್ಪ ನನ್ನನ್ನು ಯಾಕೆ ಕಳಿಸಿದನೆಂದು ನಿನಗೂ ಗೊತ್ತು. ಭಾಲ್ಕಿ ಬಿಟ್ಟು ಇಲ್ಲಿಗೆ ಬಂದು ಪ್ರವಾಸಿಗರ ದೋಣಿ ಓಡಿಸುವ ವಿಲ್ಸನನಿಗೆ ಮಗಳನ್ನು ಕೊಡಲು ಅವನಿಗೆ ಮನಸ್ಸಿಲ್ಲ. "ಏನರ ಒಂದು ಕೊರತಿ ಹುಡುಕಿ ಬಾ, ಅವ್ವಾ" ಎಂದು ಬಸ್‌ಸ್ಟ್ಯಾಂಡಿನಲ್ಲೂ ನೆನಪಿಸಿದ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಟೀಚರು ನಾನು, ಹುರುಪಿನಿಂದಲೇ ಬಂದೆ.

ಮೊದಲ ದಿನ ಕಡಲ ದಂಡೆಯಲ್ಲಿ ಗಾಳಿ ನನ್ನ ಸೆರಗನ್ನು ಪಾಸ್ಟರ ಮುಖಕ್ಕೆ ಸುತ್ತಿತು. ವಿಲ್ಸನ ನನಗೆ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ, ಬಾಳೆಹಣ್ಣಿನಂಥ ರಬ್ಬರು ದೋಣಿಯ ಮೇಲೆ ಕೂಡಿಸಿ ನೀರಿಗೆಳೆದ. ಕಿರುಚಿದ್ದನ್ನು ದೇವರು ಕ್ಷಮಿಸಲಿ, ಇಳಿದವಳೇ ಇನ್ನೊಂದು ಸುತ್ತು ಬೇಕೆಂದೆ! ಮರುದಿನ ರಾಸ್ ದ್ವೀಪದಲ್ಲಿ ಬ್ರಿಟಿಷರ ಕಾಲದ ಪಾಳು ಚರ್ಚು ತೋರಿಸಿದ. ಮರದ ಬೇರುಗಳು ಗೋಡೆಯನ್ನು ತಬ್ಬಿ ನಿಂತಿವೆ. ಅಲ್ಲೇ ಒಂದು ಕೀರ್ತನೆ ಹಾಡಿದೆವು. ಹುಡುಗನಿಗೆ ಶ್ರುತಿಯೇ ಇಲ್ಲ, ಅದೊಂದು ಕೊರತೆ ಸಿಕ್ಕಿತು.

ನಿನ್ನೆ ಅವನ ಮನೆಗೆ ಹೋದೆ. ಬರ ಬಿದ್ದಾಗೆಲ್ಲ ನಮ್ಮ ಕಡೆ ಹೆಣ್ಣಿನವರು ಮನೆ ನೋಡಲು ಬರುತ್ತಾರೆಂದರೆ ಗಂಡಿನವರು ಹಿಂದಿನ ದಿನವೇ ಟ್ಯಾಂಕರ್ ತರಿಸಿ, ಪಕ್ಕದ ಮನೆಯ ಬ್ಯಾರಲ್ಲುಗಳನ್ನೂ ತಂದು ತುಂಬಿಡುತ್ತಾರೆ. ನಿನ್ನ ಸೋದರತ್ತೆಯ ಮದುವೆ ಗೊತ್ತುಮಾಡುವಾಗ ಅಂಥ ಬ್ಯಾರಲ್ಲು ನೋಡಿ ಮರುಳಾದವಳು ನಾನೇ. ಅವಳು ಇವತ್ತಿಗೂ ಕೊಡ ಹೊತ್ತು ಮೈಲಿ ನಡೆಯುತ್ತಾಳೆ, ನನ್ನ ಸಂಕಟ ನನಗೇ ಗೊತ್ತು. ಹಾಗಾಗಿ ಚಹಾಕ್ಕೂ ಕೂಡದೆ ನೇರ ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದೆ. ಇದ್ದದ್ದು ಒಂದೇ ಬ್ಯಾರಲ್ಲು, ತಳದಲ್ಲಿ ಗೇಣು ನೀರು! ನಾನು ಬರುವುದು ವಿಲ್ಸನನಿಗೆ ವಾರದಿಂದ ಗೊತ್ತಿತ್ತು. "ಮೂರು ದಿನಕ್ಕೊಮ್ಮಿ ನೀರು ಬರ್ತಾವ್ರಿ ಅಜ್ಜಿ. ಬ್ಯಾಸಗ್ಯಾಗ ಅದೂ ಖಾತ್ರಿ ಇಲ್ರಿ. ಈಗ ಮುಚ್ಚಿಟ್ರ ಆಮ್ಯಾಗ ಲಿಲ್ಲಿ ಮುಂದ ಹ್ಯಾಂಗ ನಿಂದರ್ಲಿ?" ಎಂದ. ಕಣ್ಣು ಹಾಯುವಷ್ಟೂ ಸಮುದ್ರ, ಮನೆಯಲ್ಲಿ ಮಾತ್ರ ನಮ್ಮೂರಿನ ಪಾಡೇ! ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

ಕರ್ತನ ನೆರಳು ನಿನ್ನ ಮೇಲಿರಲಿ. ನಿನ್ನ ರೂಮಿನ ಹುಡುಗಿಯರಿಗೆಲ್ಲ ನನ್ನ ಮುದ್ದು.

ನಿನ್ನ ಅಜ್ಜಿ,
ದೊರ್ಕಾ

ಹಡಗಿಗೆ ಕೂಗುತ್ತಿದ್ದಾರೆ, ಅವಸರದಲ್ಲಿ ಇಷ್ಟು: ಹುಡುಗ ನನಗೆ ಒಪ್ಪಿಗೆ ಎಂದು ನಿನ್ನ ಅಪ್ಪನಿಗೂ ಇದೇ ಅಂಚೆಯಲ್ಲಿ ಬರೆದಿದ್ದೇನೆ. ಕೂಗಾಡುತ್ತಾನೆ, ಹೆದರಬೇಡ. ಈ ಕಾಗದ ಮುಟ್ಟಿದ ಮೊದಲ ಭಾನುವಾರವೇ ಮನೆಗೆ ಹೋಗಿ, ಬೇಕೋ ಬೇಡವೋ ನೀನೇ ಬಾಯಿಬಿಟ್ಟು ಹೇಳು. ನಾನು ಅವನನ್ನು ಒಪ್ಪಿದ್ದೇನೆ ಅಷ್ಟೇ, ನಿನ್ನ ಪರವಾಗಿ ಒಪ್ಪಿಲ್ಲ.