ಮನೆ ಕೆಲಸದ ಸ್ಥಳವಲ್ಲ ಎಂದು ಬರೆದ ನೋಂದಣಾಧಿಕಾರಿಗಳಿಗೆ

ಮಾನ್ಯ ನೋಂದಣಾಧಿಕಾರಿಗಳೇ,

ನಿಮ್ಮ ಪತ್ರ ಕೈ ಸೇರಿದೆ. ‘ಖಾಸಗಿ ನಿವಾಸವು ಕೆಲಸದ ಸ್ಥಳವಾಗಿರುವುದಿಲ್ಲ. ಅಲ್ಲಿ ನೆರವಾಗುವವರು ಕಾರ್ಮಿಕರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದಕಾರಣ ಮನೆಗೆಲಸಗಾರರ ಸಂಘದ ನೋಂದಣಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ಕೆಳಗೆ ಸಹಿ, ಮೊಹರು. ಏಳು ತಿಂಗಳು ಕಾಯಿಸಿ ಮೂರು ವಾಕ್ಯ ಬರೆದಿದ್ದೀರಿ, ತಮ್ಮ ಶ್ರಮ ದೊಡ್ಡದು. ನಾನು ಕೊಂಚ ಉದ್ದವಾಗಿಯೇ ಉತ್ತರಿಸುತ್ತೇನೆ. ಪತ್ರಿಕೆಯಲ್ಲೇ ಉತ್ತರಿಸುತ್ತೇನೆ, ನಿಮ್ಮ ಕಚೇರಿಯ ಡಬ್ಬಕ್ಕೆ ಹಾಕಿದ ಕಾಗದಗಳ ಗತಿ ಏನೆಂದು ನೋಡಿಯಾಗಿದೆ.

ನೆರವಾಗುವವರು! ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಐದು ಮನೆಗಳ ನೆಲ ಒರೆಸಿ, ಪಾತ್ರೆ ಉಜ್ಜಿ, ಬಚ್ಚಲು ತಿಕ್ಕಿದ ನಾನು ಇಷ್ಟು ದಿನ ಅದನ್ನು ಕೆಲಸ ಎಂದುಕೊಂಡಿದ್ದೆ. ನನ್ನ ಮಂಡಿಗಳೂ ಹಾಗೆಯೇ ತಪ್ಪು ತಿಳಿದಿವೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಮ್ಮ ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಕ್ಯಾಮೆರಾ ಇರುತ್ತದೆ. ಹತ್ತು ನಿಮಿಷ ತಡವಾದರೆ ಫೋನು ಬರುತ್ತದೆ. ತಿಂಗಳ ಕೊನೆಗೆ ಗೇಟಿನ ಆ್ಯಪಿನಲ್ಲಿ ನಮಗೆ ಐದರಲ್ಲಿ ಇಷ್ಟೆಂದು ನಕ್ಷತ್ರಗಳನ್ನು ಕೊಡುತ್ತಾರೆ, ಶಾಲೆಯ ಮಕ್ಕಳಿಗೆ ಕೊಟ್ಟಂತೆ. ನೆರವಾಗಲು ಬಂದ ನೆಂಟರಿಗೆ ನಿಮ್ಮ ಮನೆಯಲ್ಲಿಯೂ ಹೀಗೇ ಉಪಚಾರ ಮಾಡುತ್ತೀರೋ?

ಈಗ ನನ್ನ ನಾದಿನಿಯ ವಿಷಯ ಹೇಳುತ್ತೇನೆ. ಅವಳನ್ನು ನಮ್ಮ ಬೀದಿಯವರೆಲ್ಲ ‘ಗಡಿಯಾರ’ ಎಂದೇ ಕರೆಯುವುದು. ಅವಳು ಬೀಗ ಹಾಕಿ ಹೊರಟಳೆಂದರೆ ಆರೂ ಹತ್ತು, ಅಷ್ಟು ಖಚಿತ. ನಾನು ಕೆಲಸ ಮಾಡುವ ಕಟ್ಟಡದಲ್ಲೇ, ಏಳನೇ ಮಹಡಿಯ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ದುಡಿದಳು. ಆ ಮನೆಯ ಹುಡುಗಿ ತೊಟ್ಟಿಲಿನಿಂದ ಸೈಕಲ್ಲಿಗೆ ಬಂದದ್ದು ಇವಳ ಕೈಮೇಲೆ.

ಆ ದಿನ ಮಧ್ಯಾಹ್ನ ಅಲ್ಲಿಗೆ ಅತಿಥಿಗಳು ಬರುವವರಿದ್ದರು. ಬಚ್ಚಲಿನ ಬಿಳಿ ನೆಲದಲ್ಲಿ ಹಳದಿ ಕಲೆ ಉಳಿದಿತ್ತು. ಮನೆಯೊಡತಿ ಒಂದು ಆಸಿಡ್ ಬಾಟಲಿ, ಒಂದು ಬ್ಲೀಚ್ ಬಾಟಲಿ ತಂದಿಟ್ಟು, ‘ಎರಡನ್ನೂ ಬೆರೆಸಿ ಹಾಕು, ಬೇಗ ಹೋಗುತ್ತೆ’ ಎಂದರು. ಕಿಟಕಿಯಿಲ್ಲದ ಬಚ್ಚಲು. ಘಾಟು ಹೊರಗೆ ಬಂದಾಗ, ‘ವಾಸನೆ ಹಾಲ್‌ಗೆಲ್ಲ ಬರ್ತಿದೆ, ಬಾಗಿಲು ಹಾಕ್ಕೋ’ ಎಂದರು. ಇವಳು ಹಾಕಿಕೊಂಡಳು.

ನಾನು ಐದನೇ ಮಹಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕಾವಲುಗಾರ ಏದುಸಿರು ಬಿಡುತ್ತ ಬಂದು, ‘ನಿಮ್ಮ ನಾದಿನಿ ಬಿದ್ದಿದ್ದಾರೆ, ಬೇಗ ಬನ್ನಿ’ ಅಂದ. ಸೋಪಿನ ಕೈಯಲ್ಲೇ ಓಡಿದೆ. ಆಸ್ಪತ್ರೆಯಲ್ಲಿ ದಾದಿ ಫಾರಂ ಹಿಡಿದು ಮನೆಯೊಡತಿಯನ್ನು ಕೇಳಿದಳು: ‘ಇವರು ನಿಮಗೇನಾಗಬೇಕು?’

‘ಪರಿಚಯದವರು. ಮನೆಗೆ ಬಂದಿದ್ರು, ತಲೆ ಸುತ್ತಿ ಬಿದ್ರು.’

ಹನ್ನೊಂದು ವರ್ಷದ ಪರಿಚಯ! ಏನನ್ನು ಉಸಿರಾಡಿದ್ದಾರೆ ಎಂದು ವೈದ್ಯರು ಎರಡು ಸಲ ಕೇಳಿದರು. ಆಯಮ್ಮ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ನಾದಿನಿಯ ಬಟ್ಟೆ ಮೂಸಿ ಹೇಳಿದೆ, ಆಸಿಡ್ಡೂ ಬ್ಲೀಚೂ ಸೇರಿದ ಘಾಟು ಇದು ಎಂದು. ನಿಮ್ಮ ವ್ಯಾಖ್ಯೆಯೊಳಗೆ ಬಾರದ ಈ ಮೂಗಿಗೆ ಅಷ್ಟು ಗೊತ್ತಿತ್ತು, ಅದರಿಂದ ಅವಳು ಬದುಕಿದಳು. ಶ್ವಾಸಕೋಶ ಮಾತ್ರ ಮೊದಲಿನಂತಾಗಲಿಲ್ಲ. ಈಗ ಒಂದು ವಾಕ್ಯಕ್ಕೆ ಅವಳಿಗೆ ಎರಡು ಉಸಿರು ಬೇಕು. ಒಂಬತ್ತನೆಯ ದಿನ, ಇನ್ನೂ ಹಾಸಿಗೆಯಲ್ಲಿರುವಾಗಲೇ, ಅವಳ ಫೋನಿಗೆ ಗೇಟಿನಿಂದ ಸಂದೇಶ ಬಂತು: ಪ್ರವೇಶ ಪಾಸ್ ರದ್ದು. ಒಂದು ನಕ್ಷತ್ರ. ಕಾರಣ: ಹೇಳದೆ ಕೇಳದೆ ಗೈರುಹಾಜರಿ.

ಠಾಣೆಯಲ್ಲಿ, ‘ಮನೆಯೊಳಗಿನ ಆಕಸ್ಮಿಕ’ ಎಂದು ಕೈತೊಳೆದುಕೊಂಡರು. ನಿಮ್ಮ ಕಚೇರಿಗೆ ಬಂದೆವು. ನಿಮ್ಮದೇ ಕಾರ್ಮಿಕ ಇನ್ಸ್‌ಪೆಕ್ಟರ್, ‘ಒಬ್ಬೊಬ್ಬರೇ ಬಂದ್ರೆ ನಾವೇನು ಮಾಡೋಕಾಗುತ್ತಮ್ಮಾ? ಸಂಘ ಕಟ್ಕೊಂಡು ಬನ್ನಿ’ ಎಂದರು. ಕಟ್ಟಿದೆವು. ಈಗ ನೀವು, ಸಂಘ ಕಟ್ಟುವ ಹಾಗಿಲ್ಲ, ಒಬ್ಬೊಬ್ಬರೇ ಇರಿ ಅನ್ನುತ್ತಿದ್ದೀರಿ. ನಿಮ್ಮಿಬ್ಬರ ಮೇಜುಗಳ ನಡುವೆ ಎಂಟು ಹೆಜ್ಜೆ ದೂರವಿದೆ, ಸ್ವಾಮಿ. ಒಮ್ಮೆ ಎದ್ದು ಹೋಗಿ ಮಾತಾಡಿಕೊಳ್ಳಬಾರದೇ?

ಕಟ್ಟುವುದು ಸುಲಭವಾಗಿರಲಿಲ್ಲ. ಗೇಟಿನ ಹೊರಗೆ ಪಂಪ್‌ಹೌಸಿನ ಹಿಂದೆ, ಕೆಲಸ ಮುಗಿಸಿ ಹೋಗುವ ದಾರಿಯಲ್ಲಿ, ಮೊದಲ ದಿನ ಸೇರಿದ್ದು ಏಳೇ ಜನ. ಮೂರನೇ ಮಹಡಿಯ ಅಡುಗೆಯಾಕೆ ಮೂಗು ಮುರಿದಳು: ‘ಪಾಸ್ ಕಿತ್ಕೊಂಡ್ರೆ ನಿಮ್ಮ ಸಂಘ ನನ್ನ ಮಕ್ಕಳಿಗೆ ಊಟ ಹಾಕುತ್ತಾ?’ ಗೋಡೆಗೊರಗಿ ಕೂತಿದ್ದ ನಾದಿನಿ ನಿಧಾನವಾಗಿ ಹೇಳಿದಳು: ‘ಬಾಗಿಲು ಹಾಕ್ಕೋ ಅಂದ್ರು. ಹಾಕಲ್ಲ ಅನ್ನೋಕೆ... ಧೈರ್ಯ ಬರ್ಲಿಲ್ಲ ಅಕ್ಕಾ. ನನ್ನ ಹಿಂದೆ... ಯಾರಿದ್ರು ಹೇಳು?’ ಅಡುಗೆಯಾಕೆ ಪೆನ್ನು ಕೇಳಿದಳು. ಮೊದಲ ಸಹಿ ಅವಳದೇ. ಮೂರು ತಿಂಗಳಲ್ಲಿ ನಾವು ಇನ್ನೂರ ನಲವತ್ತು ಜನರಾದೆವು.

ನಮ್ಮ ಅರ್ಜಿಯ ವಿಚಾರಣೆಯ ದಿನ ತಮಗೆ ನೆನಪಿರಬಹುದು. ‘ಮನೆ ಅಂದ್ರೆ ಮನೇನೇ, ಅದು ಫ್ಯಾಕ್ಟರಿ ಅಲ್ಲ’ ಎಂದು ನಮಗೆ ಬುದ್ಧಿ ಹೇಳುತ್ತಿರುವಾಗಲೇ ತಮ್ಮ ಫೋನು ಮೊಳಗಿತು. ಮನೆಯಿಂದ. ‘ಇವತ್ತೂ ಬಂದಿಲ್ವಾ? ಅಯ್ಯೋ! ಸರಿ, ನಾನೇ ಬರ್ತೀನಿ’ ಎಂದು ತಾವು ಎದ್ದಿರಿ. ವಿಚಾರಣೆ ಮುಂದಕ್ಕೆ ಹೋಯಿತು. ತಮ್ಮ ಮನೆಯಲ್ಲಿ ಆ ದಿನ ನೆರವು ಸಿಗದೆ ಸರ್ಕಾರದ ಕೆಲಸವೇ ನಿಂತಿತು. ಬಾರದವಳು ಎಲ್ಲಿದ್ದಳು ಗೊತ್ತೇ? ತಮ್ಮೆದುರೇ, ಮೂರನೆಯ ಸಾಲಿನಲ್ಲಿ. ತಾವು ಅವಳ ಮುಖ ನೋಡಿಯೇ ಮಾತಾಡುತ್ತಿದ್ದಿರಿ. ನಾಲ್ಕು ವರ್ಷ ಅವಳು ಬೇಯಿಸಿದ್ದನ್ನು ಉಂಡವರು ಅವಳನ್ನು ಗುರುತಿಸಲಿಲ್ಲ. ಹೊರಗೆ ಬಂದು ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅವಳೂ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಕಳೆದ ವಾರ ತಾನಾಗಿಯೇ ತಮ್ಮ ಮನೆ ಬಿಟ್ಟಿದ್ದಾಳೆ. ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತಮ್ಮ ಪತ್ರ ಬಂದ ಮರುದಿನ ಇನ್ನೂರ ನಲವತ್ತೂ ಜನ ಗೇಟಿನ ಹೊರಗೆ ಪಾದಚಾರಿ ದಾರಿಯಲ್ಲಿ ಕೂತೆವು. ಘೋಷಣೆ ಕೂಗಲಿಲ್ಲ, ಒಳಗೆ ಹೋಗಲಿಲ್ಲ, ಅಷ್ಟೇ. ಎಂಟಕ್ಕೆ ಬಾಲ್ಕನಿಗಳಲ್ಲಿ ತಲೆಗಳು ಕಂಡವು. ಒಂಬತ್ತಕ್ಕೆ ಬೈಗುಳ ಬಂತು. ಹನ್ನೊಂದಕ್ಕೆ ನಿವಾಸಿಗಳ ಸಮಿತಿಯ ಅಧ್ಯಕ್ಷರು ಕುರ್ಚಿ ತರಿಸಿ ನಮ್ಮೆದುರು ಕೂತರು. ಒಂದು ಹಾಳೆ ಟೈಪಾಯಿತು: ವಾರಕ್ಕೊಂದು ರಜೆ. ಮುಚ್ಚಿದ ಬಚ್ಚಲಿನಲ್ಲಿ ಆಸಿಡ್ ಇಲ್ಲ. ನಮ್ಮ ಮಾತು ಕೇಳದೆ ಯಾರ ಪಾಸೂ ರದ್ದಾಗುವಂತಿಲ್ಲ. ಕೆಳಗೆ ಅವರ ಸಹಿ, ಪಕ್ಕದಲ್ಲಿ ‘ಸಂಘದ ಪರವಾಗಿ’ ಎಂದು ನನ್ನ ಸಹಿ. ಸಂಬಳ ಕೊಡುವವರಿಗೆ ಕಂಡ ಸಂಘ ಸಂಬಳ ಪಡೆಯುವ ತಮಗೆ ಯಾಕೆ ಕಾಣುತ್ತಿಲ್ಲ?

ಆದರೆ ಆ ಹಾಳೆಯಿಂದ ನನ್ನ ನಾದಿನಿಗೆ ಏನೂ ಸಿಗಲಿಲ್ಲ. ಏಳನೇ ಮಹಡಿಯವರು ಅವಳನ್ನು ನೋಡಲೂ ಬಂದಿಲ್ಲ. ಪರಿಹಾರ ಕೇಳಲು ಅವಳು ಕಾರ್ಮಿಕಳಾಗಬೇಕು. ಅವಳನ್ನು ಕಾರ್ಮಿಕಳನ್ನಾಗಿಸುವ ಮೊಹರು ತಮ್ಮ ಮೇಜಿನ ಮೇಲಿದೆ. ಅದಕ್ಕೇ ನಮ್ಮ ಸಿಟ್ಟು ಇನ್ನೂ ಆರಿಲ್ಲ.

ಮುಂದಿನ ಗುರುವಾರ ಬೆಳಗ್ಗೆ ಹತ್ತೂವರೆಗೆ ಹೊಸ ಅರ್ಜಿ ತರುತ್ತೇವೆ. ತಾವು ಅದನ್ನು ಸ್ವೀಕರಿಸಬೇಕು, ಸ್ವೀಕರಿಸಿದ್ದಕ್ಕೆ ರಸೀದಿ ಕೊಡಬೇಕು, ಮೂವತ್ತು ದಿನದೊಳಗೆ ನೋಂದಾಯಿಸಬೇಕು. ಆಗುವುದಿಲ್ಲ ಎಂದಾದರೆ ಪತ್ರದ ಹಿಂದೆ ಅಡಗದೆ, ಇನ್ನೂರ ನಲವತ್ತು ಮುಖಗಳನ್ನು ನೋಡಿ, ನೀವು ಮಾಡುವುದು ಕೆಲಸವಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ನಾವು ಏಳುವುದಿಲ್ಲ. ತಮ್ಮ ಕಚೇರಿಯ ಮೆಟ್ಟಿಲುಗಳನ್ನು ಎಣಿಸಿಕೊಂಡು ಬಂದಿದ್ದೇವೆ. ಒತ್ತಿಕೊಂಡು ಕೂತರೆ ಎಲ್ಲರಿಗೂ ಜಾಗವಾಗುತ್ತದೆ.

ಇಂತಿ,
ತಮ್ಮ ದಾಖಲೆಯಲ್ಲಿ ಇನ್ನೂ ಹುಟ್ಟದಿರುವ ಸಂಘದ,
ಹತ್ತೊಂಬತ್ತು ವರ್ಷದಿಂದ ಬರೀ ನೆರವಾಗುತ್ತಿರುವ
ಕಾರ್ಯದರ್ಶಿ